ಶಾಲೆಯ ದುಡ್ಡು, ಮೇಷ್ಟ್ರ ಹುದ್ದೆ: ಲೆಕ್ಕ ಊರಿನ ಮುಂದೆ ಬರಬೇಕೇ?

ಶಿಕ್ಷಣ ಇಲಾಖೆ ಒಂದೊಂದು ಸರ್ಕಾರಿ ಶಾಲೆಗೂ ಎಷ್ಟು ಖರ್ಚು ಮಾಡಿತು, ಅಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು? ಈ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ, ಪಟ್ಟಣವಾದರೆ ವಾರ್ಡ್ ಸಭೆಯಲ್ಲಿ ಓದಿ ಹೇಳಿ, ಜನರ ಪ್ರಶ್ನೆಗೆ ಉತ್ತರ ಕೊಡುವುದನ್ನು ಕಾನೂನಿನಿಂದಲೇ ಕಡ್ಡಾಯ ಮಾಡಬೇಕೇ? ಬೇಕು ಎನ್ನುವವರ ವಾದ ಮೊದಲು, ಬೇಡ ಎನ್ನುವವರ ವಾದ ಆಮೇಲೆ.

ಪರ: ಲೆಕ್ಕ ಊರಿಗೇ ಬರಲಿ

2025-26ರ ರಾಜ್ಯ ಬಜೆಟ್‌ನಲ್ಲಿ ಶಿಕ್ಷಣಕ್ಕೆ ಇಟ್ಟಿದ್ದು 45,286 ಕೋಟಿ ರೂಪಾಯಿ. ಬಜೆಟ್ ದಿನ ಈ ಸಂಖ್ಯೆ ಟಿವಿಯಲ್ಲಿ ಓಡುತ್ತದೆ, ಮಾರನೇ ದಿನ ಪೇಪರ್‌ನಲ್ಲಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಮಗಳನ್ನು ನಾಲ್ಕನೇ ಕ್ಲಾಸಿಗೆ ಕಳಿಸುವ ತಾಯಿಗೆ ಅದರಿಂದ ಏನು ಗೊತ್ತಾಗುತ್ತದೆ? ಆ ದುಡ್ಡಿನಲ್ಲಿ ತನ್ನೂರ ಶಾಲೆಗೆ ಎಷ್ಟು ಬಂತು, ಬಂದಿದ್ದು ಯಾವುದಕ್ಕೆ ಹೋಯಿತು, ಗಣಿತದ ಮೇಷ್ಟ್ರು ಯಾಕೆ ಇನ್ನೂ ಬಂದಿಲ್ಲ, ಇದ್ಯಾವುದೂ ಗೊತ್ತಾಗುವುದಿಲ್ಲ. ಹೇಳಬೇಕಾದವರು ಆಕೆಯ ಮುಂದೆ ಬಂದು ನಿಲ್ಲುವುದೂ ಇಲ್ಲ.

ಲೆಕ್ಕಪರಿಶೋಧನೆಯೇ ಇಲ್ಲ ಅಂತಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿ ಬರುತ್ತದೆ. ಸಂವಿಧಾನದ 151ನೇ ವಿಧಿಯಂತೆ ಅದು ರಾಜ್ಯಪಾಲರ ಕೈ ಸೇರಿ, ಅಲ್ಲಿಂದ ವಿಧಾನಮಂಡಲದ ಮುಂದೆ ಬರುತ್ತದೆ. ಆಮೇಲೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಕೈಗೆತ್ತಿಕೊಳ್ಳಬೇಕು, ಇಲಾಖೆ ವಿವರಣೆ ಕೊಡಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಮೇಷ್ಟ್ರಿಲ್ಲದೆ ನಾಲ್ಕನೇ ಕ್ಲಾಸ್ ಮುಗಿಸಿದ ಹುಡುಗಿ ಅಷ್ಟೊತ್ತಿಗೆ ಹೈಸ್ಕೂಲ್ ಸೇರಿರುತ್ತಾಳೆ, ಇಲ್ಲವೇ ಶಾಲೆಯನ್ನೇ ಬಿಟ್ಟಿರುತ್ತಾಳೆ. ಆಕೆ ಕಳೆದುಕೊಂಡ ವರ್ಷವನ್ನು ಯಾವ ಸಮಿತಿಯೂ ವಾಪಸ್ ಕೊಡಿಸಲಾರದು.

ಹುದ್ದೆಯ ವಿಷಯಕ್ಕೆ ಬರೋಣ. ಖಾಲಿ ಹುದ್ದೆ ಎಷ್ಟಿರಬಹುದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಶಾಲೆಗೆ ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಶೇಕಡ 10ಕ್ಕಿಂತ ಜಾಸ್ತಿ ಖಾಲಿ ಇರಬಾರದು. ಅಂದರೆ ಐದು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿ ಇದ್ದರೂ ಕಾನೂನು ಮುರಿದಂತೆ. ಇದು ಎಷ್ಟು ಜನ ಪೋಷಕರಿಗೆ ಗೊತ್ತು? ಅದಕ್ಕಿಂತ ಮುಖ್ಯವಾಗಿ, ತಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು ಅನ್ನುವುದಾದರೂ ಗೊತ್ತಾ? ಶಾಲೆಯ ಗೋಡೆ ಮೇಲೆ ಗಾದೆ, ಬಿಸಿಯೂಟದ ಪಟ್ಟಿ, ಮಕ್ಕಳ ಸಹಾಯವಾಣಿಯ ನಂಬರ್ ಎಲ್ಲ ಇರುತ್ತದೆ. ಊರಿನವರು ಮಾತ್ರ "ನಮ್ಮ ಶಾಲೆಗೆ ಇಬ್ಬರು ಮೇಷ್ಟ್ರು" ಅಂತಷ್ಟೇ ಹೇಳುತ್ತಾರೆ. ಐದು ಜನ ಇರಬೇಕಾದ ಕಡೆ ಇಬ್ಬರಿದ್ದಾರೆ ಅಂತ ಅವರಿಗೆ ಹೇಳಿದವರೇ ಇಲ್ಲ. ಏನು ಸಿಗಬೇಕಿತ್ತು ಅಂತ ತಿಳಿಯದವರು ಏನನ್ನು ಕೇಳಬೇಕು?

ಒಂದೇ ಒಂದು ಹಾಳೆ ಊಹಿಸಿಕೊಳ್ಳಿ. ಮಂಜೂರಾದ ಹುದ್ದೆ 5. ಕೆಲಸದಲ್ಲಿರುವವರು 2. ನಿಯೋಜನೆ ಮೇಲೆ ಬೇರೆ ಕಡೆ ಹೋದವರು 1. ಖಾಲಿ 2. ಖಾಲಿ ಜಾಗಕ್ಕೆ ಬಂದ ಅತಿಥಿ ಶಿಕ್ಷಕರು 1. ಈ ಐದು ಸಾಲು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಸಾಕು, ಜನರೇ ಮುಂದಿನ ಪ್ರಶ್ನೆ ಕೇಳುತ್ತಾರೆ. ಅದರಲ್ಲೂ ಆ ಮೂರನೇ ಸಾಲು. ನಿಯೋಜನೆ ಅಂದರೆ ಸಂಬಳದ ಪಟ್ಟಿಯಲ್ಲಿ ಹೆಸರು ಈ ಶಾಲೆಯಲ್ಲೇ ಇರುತ್ತದೆ, ಕೆಲಸ ಮಾತ್ರ ಇನ್ನೆಲ್ಲೋ. ಕಾಗದದಲ್ಲಿ ಹುದ್ದೆ ಭರ್ತಿಯಾಗಿದೆ, ಕ್ಲಾಸಿನಲ್ಲಿ ಯಾರೂ ಇಲ್ಲ. ರಾಜ್ಯಮಟ್ಟದ ಖಾಲಿ ಹುದ್ದೆ ಲೆಕ್ಕದಲ್ಲಿ ಈ ಒಂದು ಕೊರತೆ ಕಾಣಿಸುವುದೇ ಇಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಕಾಣದ್ದು ಆ ಊರಿನ ಯಾವ ಮಗುವನ್ನು ಕೇಳಿದರೂ ಗೊತ್ತಾಗುತ್ತದೆ. ಮಗುವಿಗೆ ಗೊತ್ತಿರುವ ಸತ್ಯ ಸರ್ಕಾರದ ದಾಖಲೆಗೂ ಸೇರಲಿ ಎಂಬುದೇ ನಮ್ಮ ಬೇಡಿಕೆ.

ಅತಿಥಿ ಶಿಕ್ಷಕರ ಕಥೆಯೂ ಹೀಗೇ ಮರೆಯಾಗಿದೆ. ರಾಜ್ಯದ ಸರ್ಕಾರಿ ಶಾಲೆಗಳು ನಡೆಯುತ್ತಿರುವುದೇ ನಲವತ್ತು ಸಾವಿರಕ್ಕೂ ಹೆಚ್ಚು ಅತಿಥಿ ಶಿಕ್ಷಕರ ಬಲದಿಂದ. ಬಿ.ಎಡ್., ಡಿ.ಎಡ್. ಓದಿದವರು, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾದವರು ತಿಂಗಳಿಗೆ ಹತ್ತು-ಹನ್ನೆರಡು ಸಾವಿರದ ಆಸುಪಾಸಿನ ಗೌರವಧನಕ್ಕೆ ದುಡಿಯುತ್ತಾರೆ. ಆ ಗೌರವಧನವೂ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ. ಶಾಲಾ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಮುಂದಿನ ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಕಾಯುವುದು. ಒಂದು ಹುದ್ದೆ ಎಷ್ಟು ವರ್ಷದಿಂದ ಹೀಗೆ ತಾತ್ಕಾಲಿಕವಾಗಿ ನಡೆಯುತ್ತಿದೆ ಅಂತ ಶಾಲೆವಾರು ಹೇಳಿದರೆ ಮಾತ್ರ ಈ ವ್ಯವಸ್ಥೆಯ ನಿಜ ಬಣ್ಣ ಗೊತ್ತಾಗುತ್ತದೆ. ಇಲ್ಲದಿದ್ದರೆ "ಅತಿಥಿ ಶಿಕ್ಷಕರನ್ನು ಕೊಟ್ಟಿದ್ದೇವೆ, ಕೊರತೆ ಇಲ್ಲ" ಎಂಬ ಉತ್ತರವೇ ಪ್ರತಿ ಅಧಿವೇಶನದಲ್ಲೂ ಸಾಲುತ್ತದೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆಯಲ್ಲ, ಮತ್ತೆ ಇದೆಲ್ಲ ಯಾಕೆ ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ 2001ರಲ್ಲೇ ಕರ್ನಾಟಕ ಈ ಸಮಿತಿಗಳನ್ನು ಮಾಡಿತು. ಆಮೇಲೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂದಿತು. ಆದರೆ ಈ ಸಮಿತಿಯ ಕೈಗೆ ಯಾವ ಲೆಕ್ಕ ಬರುತ್ತದೆ ನೋಡಿ. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ ನೂರಕ್ಕೂ ಹೆಚ್ಚು, 250ರೊಳಗೆ ಮಕ್ಕಳಿರುವ ಶಾಲೆಗೆ ವರ್ಷದ ಶಾಲಾ ಅನುದಾನ 50,000 ರೂಪಾಯಿ. ಸುಣ್ಣ ಬಣ್ಣ, ಚಾಕ್‌ಪೀಸು, ಕರೆಂಟ್ ಬಿಲ್, ಶೌಚಾಲಯದ ಸ್ವಚ್ಛತೆ ಎಲ್ಲ ಅದರಲ್ಲೇ ಆಗಬೇಕು. ಸಮಿತಿ ನೋಡುವುದು ಹೆಚ್ಚಾಗಿ ಇಂಥ ದುಡ್ಡನ್ನು. ಸಂಬಳ, ಹುದ್ದೆ, ಪಠ್ಯಪುಸ್ತಕ, ಸಮವಸ್ತ್ರದ ಟೆಂಡರ್ ಯಾವುದೂ ಶಾಲೆಯ ಬ್ಯಾಂಕ್ ಖಾತೆಗೆ ಬರುವುದಿಲ್ಲ, ಹಾಗಾಗಿ ಸಮಿತಿಯ ಕಣ್ಣಿಗೂ ಬೀಳುವುದಿಲ್ಲ. ಐವತ್ತು ಸಾವಿರಕ್ಕೆ ರಸೀದಿ ಕೇಳುತ್ತೇವೆ, ಲಕ್ಷಗಟ್ಟಲೆ ಖರ್ಚಿನ ಬಗ್ಗೆ ಊರಿನಲ್ಲಿ ಯಾರಿಗೂ ಸುಳಿವಿಲ್ಲ.

ಲೆಕ್ಕ ಬಯಲಿಗೆ ಬಂದರೆ ಮುಖ್ಯ ಶಿಕ್ಷಕರಿಗೆ ತೊಂದರೆ ಅಂತ ಹಲವರು ಹೆದರುತ್ತಾರೆ. ನಮ್ಮ ಅನುಭವ ಬೇರೆಯದನ್ನೇ ಹೇಳುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ ಕೊಡುವ ಯೋಜನೆ ನೋಡಿ. ಒಂದು ಜೊತೆ ಶೂ, ಎರಡು ಜೊತೆ ಸಾಕ್ಸಿಗೆ ಸರ್ಕಾರ ನಿಗದಿ ಮಾಡಿದ ದರ ಒಂದರಿಂದ ಐದನೇ ತರಗತಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು-ಹತ್ತಕ್ಕೆ 325. ಖರೀದಿ ಮಾಡುವುದು ಎಸ್‌ಡಿಎಂಸಿ. ಶೂ ಮೂರು ತಿಂಗಳಿಗೆ ಬಾಯಿ ಬಿಟ್ಟರೆ ಬೈಗುಳ ತಿನ್ನುವವರು ಹೆಡ್ ಮೇಷ್ಟ್ರು. "ಮೇಷ್ಟ್ರು ದುಡ್ಡು ಹೊಡೆದಿದ್ದಾರೆ" ಅಂತ ಊರೆಲ್ಲ ಮಾತು. ಅದೇ ದರವನ್ನು ಸಭೆಯಲ್ಲಿ ಓದಿ ಹೇಳಿದರೆ? "265 ರೂಪಾಯಿಗೆ ಸಾಕ್ಸೂ ಸೇರಿ ಇನ್ನೆಂಥ ಶೂ ಬರುತ್ತದೆ?" ಅಂತ ಜನರೇ ಮೇಷ್ಟ್ರ ಪರ ಮಾತಾಡುತ್ತಾರೆ. ಸಿಟ್ಟು ಹೋಗಬೇಕಾದ ಕಡೆಗೆ ಹೋಗುತ್ತದೆ. ಪ್ರಾಮಾಣಿಕ ಮುಖ್ಯ ಶಿಕ್ಷಕರಿಗೆ ಬಯಲು ಲೆಕ್ಕಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಇದನ್ನು ಮಾಡಿ ನೋಡಿದವರಿದ್ದಾರೆ. ರಾಜಸ್ಥಾನದ ಹಳ್ಳಿಗಳಲ್ಲಿ 1990ರ ದಶಕದ ಮಧ್ಯದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಪಂಚಾಯಿತಿ ಕಾಮಗಾರಿಯಲ್ಲಿ ದುಡಿದ ಕೂಲಿಯವರ ಹಾಜರಿ ಪಟ್ಟಿಗಳಾದ ಮಸ್ಟರ್ ರೋಲ್‌ಗಳನ್ನು ಊರಿನ ನಡುವೆ ಓದಿಸಿದರು. ಜನಸುನವಾಯಿ ಎಂಬ ಆ ಬಹಿರಂಗ ವಿಚಾರಣೆಗಳ ಹೋರಾಟವೇ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ ಗ್ರಾಮಸಭೆಗೆ ಸಾಮಾಜಿಕ ಪರಿಶೋಧನೆಯ, ಅಂದರೆ ಜನರೇ ಲೆಕ್ಕ ಪರಿಶೀಲಿಸುವ ಅಧಿಕಾರ ಕೊಟ್ಟಿತು. ಮೇಘಾಲಯ 2017ರಲ್ಲಿ ಇನ್ನೂ ಮುಂದೆ ಹೋಗಿ, ಸಾಮಾಜಿಕ ಪರಿಶೋಧನೆಗೆಂದೇ ಕಾನೂನು ಮಾಡಿತು. ಕೂಲಿ ಕೆಲಸದ ಲೆಕ್ಕವನ್ನು ಊರಿನ ಮುಂದೆ ಓದಬಹುದಾದರೆ ಶಾಲೆಯ ಲೆಕ್ಕವನ್ನು ಓದಲು ಅಡ್ಡಿ ಏನು?

ಹೊರಗಿನ ಉದಾಹರಣೆಗಳಲ್ಲಿ ಉಗಾಂಡದ್ದು ಎಲ್ಲರಿಗೂ ಗೊತ್ತಿರಬೇಕಾದ್ದು. 1991ರಿಂದ 1995ರವರೆಗೆ ಅಲ್ಲಿನ ಸರ್ಕಾರ ಶಾಲೆಗಳಿಗೆ ಬಿಡುಗಡೆ ಮಾಡಿದ ಅನುದಾನದಲ್ಲಿ ಸರಾಸರಿ ಶೇಕಡ 13ರಷ್ಟು ಮಾತ್ರ ಶಾಲೆ ತಲುಪುತ್ತಿತ್ತು ಅಂತ ಸಮೀಕ್ಷೆಯೊಂದು ತೋರಿಸಿತು. ಸರ್ಕಾರ ಆಮೇಲೆ ಯಾವ ಜಿಲ್ಲೆಗೆ ಯಾವಾಗ ಎಷ್ಟು ದುಡ್ಡು ಹೋಯಿತು ಅಂತ ಪತ್ರಿಕೆಗಳಲ್ಲಿ ಹಾಕಿಸಿತು, ಶಾಲೆ ಬಾಗಿಲಲ್ಲಿ ಅಂಟಿಸಿತು. 2001ರ ಹೊತ್ತಿಗೆ ಶೇಕಡ 80ಕ್ಕೂ ಹೆಚ್ಚು ದುಡ್ಡು ಶಾಲೆ ಮುಟ್ಟುತ್ತಿತ್ತು. ಅಲ್ಲಿನಷ್ಟು ಸೋರಿಕೆ ಇಲ್ಲಿದೆ ಅಂತ ನಾವು ಹೇಳುತ್ತಿಲ್ಲ. ಬರಬೇಕಾದ್ದು ಎಷ್ಟು ಅಂತ ಜನರಿಗೆ ಗೊತ್ತಾದ ಮೇಲೆ ನಡುವೆ ಕೈ ಹಾಕುವುದು ಕಷ್ಟ ಅನ್ನುವುದಷ್ಟೇ ನಮ್ಮ ಮಾತು.

ಶಾಲೆ ಮುಗಿಸಿದ ಮೇಲಿನ ಕಥೆಗೂ ಇದು ಅನ್ವಯಿಸಬೇಕು. ಕೌಶಲ್ಯ ತರಬೇತಿ ಅಂತ ಊರಿನ ಹುಡುಗರನ್ನು ಕರೆದುಕೊಂಡು ಹೋಗುತ್ತಾರೆ, ಸರ್ಟಿಫಿಕೇಟ್ ಕೊಟ್ಟು ಫೋಟೊ ತೆಗೆದು ಕಳಿಸುತ್ತಾರೆ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ಸಿಗುತ್ತದೆ. ಒಳ್ಳೆಯದೇ. ತರಬೇತಿ ಪಡೆದವರಲ್ಲಿ ಎಷ್ಟು ಜನ ಕೆಲಸಕ್ಕೆ ಸೇರಿದರು, ಆರು ತಿಂಗಳ ನಂತರ ಎಷ್ಟು ಜನ ಅದೇ ಕೆಲಸದಲ್ಲಿದ್ದಾರೆ ಎಂಬುದನ್ನೂ ಅದೇ ಸಭೆಯಲ್ಲಿ ಹೇಳಲಿ. ಆ ಹುಡುಗರು ಅಲ್ಲೇ ಕೂತಿರುತ್ತಾರೆ, ಸುಳ್ಳು ಹೇಳುವುದು ಸುಲಭವಲ್ಲ.

ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಬಜೆಟ್ ಹಂಚಿಕೆ, ಸಿಬ್ಬಂದಿ ಸಂಬಳ ಎಲ್ಲವನ್ನೂ ಯಾರೂ ಕೇಳದೆಯೇ ಪ್ರಕಟಿಸುವುದು ಇಲಾಖೆಗಳ ಕರ್ತವ್ಯ. ಹಾಗಾಗಿ ನಾವು ಹೊಸ ಗುಟ್ಟನ್ನೇನೂ ಕೇಳುತ್ತಿಲ್ಲ. ಪ್ರಕಟಿಸಬೇಕಾದ್ದನ್ನು ವೆಬ್‌ಸೈಟಿನ ಮೂಲೆಯಲ್ಲಿ ಇಂಗ್ಲಿಷ್ ಪಿಡಿಎಫ್ ಮಾಡಿ ಹಾಕುವ ಬದಲು, ಜೂನ್ ತಿಂಗಳಲ್ಲಿ ಕನ್ನಡದ ಒಂದು ಹಾಳೆ ಮಾಡಿ ಓದಿ ಅನ್ನುತ್ತಿದ್ದೇವೆ. ಓದುವುದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಿಂದ ಉತ್ತರ ಕೊಡುವ ಅಧಿಕಾರ ಇರುವವರೇ ಬರಬೇಕು. ಸಭೆಯಲ್ಲಿ ಉತ್ತರ ಸಿಗದ ಪ್ರಶ್ನೆಗೆ 30 ದಿನದೊಳಗೆ ಲಿಖಿತ ಉತ್ತರ ಬರಬೇಕು. ಅದೂ ಬರದಿದ್ದರೆ ಪ್ರಶ್ನೆ ಜಿಲ್ಲಾ ಪಂಚಾಯಿತಿಗೆ ಹೋಗಬೇಕು, ತಡವಾದ ದಿನಗಳ ಲೆಕ್ಕ ಆ ಅಧಿಕಾರಿಯ ಸೇವಾ ದಾಖಲೆಗೆ ಸೇರಬೇಕು.

ವಿರೋಧ: ಉತ್ತರ ಕೊಡಬೇಕಾದವರು ಊರಿನಲ್ಲಿಲ್ಲ

ಲೆಕ್ಕ ಮುಚ್ಚಿಡಿ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಪ್ರತಿ ಶಾಲೆಯ ಹುದ್ದೆ, ಖರ್ಚು ಎಲ್ಲವೂ ಕನ್ನಡದಲ್ಲಿ, ಎಲ್ಲರಿಗೂ ಸಿಗುವ ಹಾಗೆ ಪ್ರಕಟವಾಗಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಊರಿನ ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡುವುದನ್ನು ಕಡ್ಡಾಯ ಮಾಡಿದರೆ ಅಲ್ಲಿ ನಿಲ್ಲುವವರು ಯಾರು? ಇದೊಂದನ್ನು ಯೋಚಿಸಿದರೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ.

ಬಿಇಒ ಬರಲಿ ಅನ್ನುತ್ತಾರೆ. ರಾಜ್ಯದಲ್ಲಿ ಸುಮಾರು 46 ಸಾವಿರ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಿವೆ. ಒಬ್ಬ ಬಿಇಒ ಕೈಕೆಳಗೆ ಇನ್ನೂರಕ್ಕೂ ಹೆಚ್ಚು ಶಾಲೆ ಇರುವುದು ಸಾಮಾನ್ಯ. ಜೂನ್ ತಿಂಗಳಲ್ಲಿ ಅವರು ಎಷ್ಟು ಸಭೆಗೆ ಹೋಗಬಲ್ಲರು? ಮೊದಲ ವರ್ಷ ಬಿಇಒ ಬದಲು ಕಚೇರಿಯ ಇನ್ನೊಬ್ಬರು ಬರುತ್ತಾರೆ. ಎರಡನೇ ವರ್ಷ ಅವರಿಗಿಂತ ಕೆಳಗಿನ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬರುತ್ತಾರೆ. ಮೂರನೇ ವರ್ಷ "ಮುಖ್ಯ ಶಿಕ್ಷಕರೇ ಓದತಕ್ಕದ್ದು" ಅಂತ ಸುತ್ತೋಲೆ ಬರುತ್ತದೆ. ಇಲಾಖೆಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಹೀಗೇ ಆಗುತ್ತದೆ ಅನ್ನುತ್ತಾರೆ. ಮೇಲಿನಿಂದ ಇಳಿಯುವ ಪ್ರತಿ ಹೊಣೆಯೂ ಕೊನೆಗೆ ಬಂದು ಕೂರುವುದು ಶಾಲೆಯ ಮೇಜಿನ ಮೇಲೆಯೇ.

ಆ ಮೇಜಿನ ಮೇಲೆ ಈಗಲೇ ಏನೇನಿದೆ ನೋಡಿ. ಒಬ್ಬರೇ ಶಿಕ್ಷಕಿ ಇರುವ ಕಿರಿಯ ಪ್ರಾಥಮಿಕ ಶಾಲೆ ಅಂದುಕೊಳ್ಳೋಣ. ಬೆಳಿಗ್ಗೆ ಹೋದ ಕೂಡಲೇ ಹಾಲಿಗೆ, ಊಟಕ್ಕೆ ಎಷ್ಟು ಮಕ್ಕಳು ಅಂತ ಎಣಿಸಿ ಅಡುಗೆಯವರಿಗೆ ಹೇಳಬೇಕು. ಮೊಟ್ಟೆ ಎಷ್ಟು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಷ್ಟು ಅಂತ ಬರೆದಿಡಬೇಕು. ಹಾಜರಿ ಹಾಕಬೇಕು. ಎಸ್‌ಎಟಿಎಸ್, ಯುಡೈಸ್ ಎಂಬ ಸರ್ಕಾರಿ ಆನ್‌ಲೈನ್ ದಾಖಲೆಗಳಿಗೆ ಮಾಹಿತಿ ತುಂಬಬೇಕು. ನೆಟ್‌ವರ್ಕ್ ಸಿಗದಿದ್ದರೆ ಮನೆಗೆ ಹೋಗಿ ರಾತ್ರಿ ತುಂಬಬೇಕು. ಇದರ ನಡುವೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕಲಿಯುವ ನಲಿ-ಕಲಿಯ ಮಕ್ಕಳನ್ನು ಒಂದು ಕಡೆ ಕೂರಿಸಿ, ನಾಲ್ಕು-ಐದನೆಯವರಿಗೆ ಇನ್ನೊಂದು ಕಡೆ ಲೆಕ್ಕ ಹೇಳಿಕೊಡಬೇಕು. ಮೊಟ್ಟೆಗೆ ಸರ್ಕಾರ ನಿಗದಿ ಮಾಡಿದ್ದು ಕೊಳ್ಳುವುದು, ಸಾಗಿಸುವುದು, ಬೇಯಿಸುವುದು, ಸುಲಿಯುವುದು ಎಲ್ಲ ಸೇರಿ 6 ರೂಪಾಯಿ. ಅಂಗಡಿಯಲ್ಲಿ ದರ ಏರಿದ ದಿನ ಕಡಿಮೆ ಬಿದ್ದ ದುಡ್ಡು ಆಕೆಯ ಪರ್ಸಿನಿಂದ ಹೋಗುತ್ತದೆ. ಅದಕ್ಕೆ ರಸೀದಿಯೂ ಇಲ್ಲ, ಕೇಳುವವರೂ ಇಲ್ಲ. ಇಷ್ಟು ಮಾಡುವ ಹೆಣ್ಣುಮಗಳನ್ನು ವರ್ಷಕ್ಕೊಮ್ಮೆ ಸಭೆ ನಡುವೆ ನಿಲ್ಲಿಸಿ "ಲೆಕ್ಕ ಕೊಡಮ್ಮ" ಅನ್ನುವುದು ನ್ಯಾಯವಲ್ಲ.

2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಹಾಕಿದರು. ಸಮೀಕ್ಷೆ ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ತೀರ್ಮಾನ ಮಾಡಿದ್ದು ಸರ್ಕಾರ. ಹೋದ ಪಾಠಗಳ ಬಗ್ಗೆ ಊರಿನ ಸಭೆಯಲ್ಲಿ ಪ್ರಶ್ನೆ ಎದ್ದರೆ ಉತ್ತರ ಕೊಡಬೇಕಾದವರು ಮಾತ್ರ ಮನೆ ಮನೆ ಅಲೆದ ಅದೇ ಶಿಕ್ಷಕರು. ಇದನ್ನು ಹೊಣೆಗಾರಿಕೆ ಅನ್ನಲು ಬಾಯಿ ಬರುವುದಿಲ್ಲ.

ಶಿಕ್ಷಕರನ್ನು ಸಂಶಯದಿಂದ ನೋಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಎರಡು ದಶಕದ ಹಿಂದಿನ ಒಂದು ದೊಡ್ಡ ಸಮೀಕ್ಷೆಯಲ್ಲಿ, ಹೇಳದೆ ಕೇಳದೆ ಶಾಲೆಗೆ ಹೋಗಿ ನೋಡಿದಾಗ ಭಾರತದಲ್ಲಿ ನಾಲ್ವರು ಸರ್ಕಾರಿ ಶಿಕ್ಷಕರಲ್ಲಿ ಒಬ್ಬರು ಇರಲಿಲ್ಲ ಎಂಬ ಅಂಕಿ ಬಂತು. ಅದನ್ನೇ ಇವತ್ತಿಗೂ ಹೇಳುತ್ತಾರೆ. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಆರು ರಾಜ್ಯಗಳಲ್ಲಿ ಮಾಡಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಒಳಗೆ ಹೋಯಿತು. ಶಾಲೆಯಲ್ಲಿ ಇಲ್ಲದವರು ಶೇಕಡ 18.5. ಅವರಲ್ಲಿ ಕಾರಣವಿಲ್ಲದೆ ಗೈರಾದವರನ್ನು ಮಾತ್ರ ಎಣಿಸಿದರೆ ಒಟ್ಟು ಶಿಕ್ಷಕರಲ್ಲಿ ಶೇಕಡ 2.5. ಉಳಿದವರು ರಜೆ ಮೇಲಿದ್ದರು, ತರಬೇತಿಗೆ ಹೋಗಿದ್ದರು ಅಥವಾ ಇಲಾಖೆಯೇ ಬೇರೆ ಕೆಲಸಕ್ಕೆ ಕಳಿಸಿತ್ತು. ಊರಿನ ಸಭೆಯಲ್ಲಿ ಈ ವ್ಯತ್ಯಾಸ ಯಾರು ಬಿಡಿಸಿ ನೋಡುತ್ತಾರೆ? "ಮೇಷ್ಟ್ರು ಇರಲಿಲ್ಲ" ಅನ್ನುವುದಷ್ಟೇ ಉಳಿಯುತ್ತದೆ.

ಇನ್ನು ಊರು ಅಂದರೆ ಎಲ್ಲರೂ ಸಮಾನವಾಗಿ ಕೂತು ಮಾತಾಡುವ ಜಾಗವೇ? ಹೇಳಲು ಬೇಜಾರಾಗುತ್ತದೆ, ಆದರೆ ಹೇಳಲೇಬೇಕು. ದಲಿತ ಹೆಣ್ಣುಮಗಳು ಅಡುಗೆ ಮಾಡಿದಳು ಅಂತ ಬಿಸಿಯೂಟ ಬಿಟ್ಟು ಮಕ್ಕಳನ್ನು ಮನೆಗೆ ಕರೆದುಕೊಂಡು ಹೋದ ಘಟನೆಗಳು ನಮ್ಮ ರಾಜ್ಯದಲ್ಲೇ ನಡೆದಿವೆ. ಎಸ್‌ಡಿಎಂಸಿ ಅಧ್ಯಕ್ಷರ ಆಯ್ಕೆಗೆ ಎರಡು ಪಾರ್ಟಿ ಕಟ್ಟಿಕೊಂಡು ಜಗಳವಾಡುವ ಊರುಗಳಿವೆ. ಅಂಥ ಕಡೆ ದೂರದ ಜಿಲ್ಲೆಯಿಂದ ಬಂದ ಶಿಕ್ಷಕಿಯನ್ನು, ಕೆಳಜಾತಿಯಿಂದ ಬಂದ ಮುಖ್ಯ ಶಿಕ್ಷಕರನ್ನು ಸಭೆಯ ನಡುವೆ ನಿಲ್ಲಿಸಿದರೆ ಕೇಳುವುದು ಲೆಕ್ಕದ ಪ್ರಶ್ನೆಯೊಂದೇ ಆಗಿರುವುದಿಲ್ಲ. ಹಳೇ ಸೇಡು, ಯಾರ ಮಗನಿಗೆ ಗದರಿದ್ದರು, ಯಾರ ಕಡೆಯವರಿಂದ ಅಕ್ಕಿ ಮೂಟೆ ಇಳಿಸಿಕೊಳ್ಳಲಿಲ್ಲ, ಎಲ್ಲವೂ ಬರುತ್ತದೆ. ಲೆಕ್ಕ ಸರಿ ಇಟ್ಟವರಿಗೆ ಬಯಲು ಲೆಕ್ಕವೇ ರಕ್ಷಣೆ ಅನ್ನುವವರು ಈ ಸಭೆಗಳಲ್ಲಿ ಒಂಟಿಯಾಗಿ ನಿಂತವರ ಮಾತು ಕೇಳಬೇಕು.

ಈಗ ಮುಖ್ಯ ವಿಷಯ. ಹುದ್ದೆ ಯಾಕೆ ಖಾಲಿ ಇದೆ? ಇದಕ್ಕೆ ಊರಿನಲ್ಲಿ ಉತ್ತರವಿಲ್ಲ. ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳ ಕಥೆ ಕೇಳಿ. 2022ರ ಮೇ ತಿಂಗಳಲ್ಲಿ ಪರೀಕ್ಷೆ ಆಯಿತು. ಆ ವರ್ಷದ ಕೊನೆಗೆ 13 ಸಾವಿರಕ್ಕೂ ಹೆಚ್ಚು ಜನರ ಆಯ್ಕೆ ಪಟ್ಟಿ ಬಂತು. ಮದುವೆಯಾದ ಹೆಣ್ಣುಮಕ್ಕಳ ಜಾತಿ-ಆದಾಯ ಪ್ರಮಾಣಪತ್ರಕ್ಕೆ ತಂದೆಯ ಆದಾಯ ಹಿಡಿಯಬೇಕೋ ಗಂಡನದೋ ಎಂಬ ವಿವಾದ ಹೈಕೋರ್ಟಿಗೆ ಹೋಯಿತು. 2023ರ ಜನವರಿಯಲ್ಲಿ ಏಕಸದಸ್ಯ ಪೀಠ ಪಟ್ಟಿ ರದ್ದು ಮಾಡಿತು, ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ನೇಮಕಾತಿಗೆ ದಾರಿ ಬಿಟ್ಟಿತು. ಪರೀಕ್ಷೆ ಬರೆದವರು ಶಾಲೆಗೆ ಕಾಲಿಡುವಷ್ಟರಲ್ಲಿ ಒಂದೂವರೆ ವರ್ಷ ಹತ್ತಿರವಾಗಿತ್ತು. ಪ್ರಮಾಣಪತ್ರದ ನಿಯಮವನ್ನು ಅಧಿಸೂಚನೆ ಹೊರಡಿಸುವ ಮೊದಲೇ ಗೊಂದಲವಿಲ್ಲದಂತೆ ಬರೆದಿದ್ದರೆ ಇದು ತಪ್ಪುತ್ತಿತ್ತು. ಅದನ್ನು ಬರೆಯಬೇಕಾದವರು ಯಾವ ಗ್ರಾಮಸಭೆಗೂ ಬರುವುದಿಲ್ಲ.

ಆಮೇಲೆ 2024ರ ಆಗಸ್ಟ್‌ನಲ್ಲಿ ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಆ ಜಾತಿಗಳೊಳಗೇ ಹಂಚುವುದರ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅಕ್ಟೋಬರ್ ಕೊನೆಗೆ ರಾಜ್ಯ ಸರ್ಕಾರ, ಆ ಹಂಚಿಕೆ ಬಗ್ಗೆ ಆಯೋಗದ ವರದಿ ಬರುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ತೀರ್ಮಾನಿಸಿತು. ವರದಿ ಬಂದು ಸಂಪುಟ ಒಪ್ಪುವಾಗ 2025ರ ಆಗಸ್ಟ್. ಒಳಮೀಸಲಾತಿ ಬೇಕಾಗಿದ್ದೇ, ಕಾಯುವುದಕ್ಕೂ ಕಾರಣವಿತ್ತು. ಆದರೆ ಆ ಹತ್ತು ತಿಂಗಳಲ್ಲಿ ನಿವೃತ್ತಿ ಯಾರಿಗೂ ಕಾಯಲಿಲ್ಲ. ಪ್ರತಿ ತಿಂಗಳ ಕೊನೆಗೆ ಎಷ್ಟೋ ಶಾಲೆಗಳಲ್ಲಿ ಹಾರ ಹಾಕಿ ಬೀಳ್ಕೊಟ್ಟರು, ಆ ಕುರ್ಚಿ ಹಾಗೇ ಉಳಿಯಿತು. ಇದಕ್ಕೆಲ್ಲ ಹೊಣೆ ಸಂಪುಟದ್ದು, ಹಣಕಾಸು ಇಲಾಖೆಯದ್ದು, ಕಾನೂನು ಇಲಾಖೆಯದ್ದು. ಊರಿನ ಸಭೆಯಲ್ಲಿ ಇದನ್ನು ಕೇಳಿಸುವುದೆಂದರೆ ಜನರ ಸಿಟ್ಟನ್ನು ಸಿಗುವವರ ಮೇಲೆ ಇಳಿಸಿ, ಸಿಗದವರನ್ನು ಬಿಟ್ಟುಬಿಡುವುದು.

ಪುರಾವೆಯ ಮಾತೂ ಅಷ್ಟು ನೇರವಾಗಿಲ್ಲ. ಉಗಾಂಡದಲ್ಲಿ ದುಡ್ಡು ಶಾಲೆ ತಲುಪಿದ್ದು ಪತ್ರಿಕೆಯಲ್ಲಿ ಹಾಕಿದ್ದರಿಂದಲೇ ಎಂಬುದನ್ನು ಆಮೇಲೆ ಅರ್ಥಶಾಸ್ತ್ರಜ್ಞರೇ ಪ್ರಶ್ನಿಸಿದ್ದಾರೆ. ಅದೇ ಅವಧಿಯಲ್ಲಿ ಅಲ್ಲಿನ ಸರ್ಕಾರ ದುಡ್ಡು ವರ್ಗಾಯಿಸುವ ಕ್ರಮವನ್ನೇ ಬದಲಿಸಿತ್ತು, 1997ರಲ್ಲಿ ಎಲ್ಲರಿಗೂ ಉಚಿತ ಪ್ರಾಥಮಿಕ ಶಿಕ್ಷಣ ತಂದಿತ್ತು. ನಮ್ಮ ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಹಳ್ಳಿಯವರಿಗೆ ಗ್ರಾಮ ಶಿಕ್ಷಣ ಸಮಿತಿಯ ಅಧಿಕಾರ, ಶಾಲೆಯ ಸ್ಥಿತಿ ಎಲ್ಲ ತಿಳಿಸಿ, ಸಭೆ ಮಾಡಿಸಿ ನೋಡಿದ ಪ್ರಯೋಗವೊಂದರ ಫಲಿತಾಂಶ 2010ರಲ್ಲಿ ಬಂತು. ಸಭೆಗಳಿಂದ ಸರ್ಕಾರಿ ಶಾಲೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಓದಿನ ಶಿಬಿರ ನಡೆಸಿದ ಕಡೆ, ಶಿಬಿರಕ್ಕೆ ಬಂದ ಮಕ್ಕಳು ಓದಲು ಕಲಿತರು. ಮಕ್ಕಳ ಪಕ್ಕ ಕೂರುವ ಜನರನ್ನು ಕೊಟ್ಟಿದ್ದು ಕೆಲಸ ಮಾಡಿತು, ಸಭೆಗಳು ಕೆಲಸ ಮಾಡಲಿಲ್ಲ.

ಇನ್ನೊಂದು ಭಯ ಸಣ್ಣ ಶಾಲೆಗಳ ಬಗ್ಗೆ, ಮತ್ತು ಪರವಾಗಿ ಮಾತಾಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಶಾಲೆವಾರು ಖರ್ಚು ಓದಲು ಶುರು ಮಾಡಿದ ಮೇಲೆ ಒಂದು ಮಗುವಿಗೆ ಎಷ್ಟು ಖರ್ಚು ಅಂತ ಭಾಗಿಸದೆ ಯಾರೂ ಬಿಡುವುದಿಲ್ಲ. ಮಲೆನಾಡಿನಲ್ಲಿ ಎಂಟು ಹತ್ತು ಮಕ್ಕಳಿರುವ ಶಾಲೆಯಲ್ಲಿ ಆ ಭಾಗಾಕಾರ ದೊಡ್ಡ ಸಂಖ್ಯೆಯನ್ನೇ ತೋರಿಸುತ್ತದೆ. ಹಳ್ಳ ದಾಟಿ, ಕಾಡುದಾರಿಯಲ್ಲಿ ನಡೆದು ಬೇರೆ ಊರಿಗೆ ಹೋಗಲಾಗದ ಮಕ್ಕಳಿಗಾಗಿಯೇ ಅಲ್ಲೊಂದು ಶಾಲೆ ಇದೆ ಎಂಬುದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ. "ಇಷ್ಟು ಖರ್ಚಾ? ಪಕ್ಕದ ಶಾಲೆಗೆ ವಿಲೀನ ಮಾಡಿ" ಎಂಬ ಮಾತಿಗೆ ಕಡತ ರೆಡಿ ಆಗುತ್ತದೆ. ಹೊಣೆಗಾರಿಕೆ ಕೇಳಿದ ಜನರ ಕೈಯಿಂದಲೇ ಅವರ ಶಾಲೆ ಮುಚ್ಚಿಸಿದಂತೆ. ಇನ್ನೊಂದು ಕಡೆ, ಸರ್ಕಾರಿ ಶಾಲೆಯ ಕೊರತೆಗಳನ್ನಷ್ಟೇ ವರ್ಷವರ್ಷ ಮೈಕಿನಲ್ಲಿ ಓದಿಸಿದರೆ, ಅಷ್ಟಿಷ್ಟು ಅನುಕೂಲ ಇರುವವರು ಮಕ್ಕಳನ್ನು ಖಾಸಗಿ ಶಾಲೆಯ ವ್ಯಾನ್ ಹತ್ತಿಸುತ್ತಾರೆ. ಖಾಸಗಿ ಶಾಲೆಗೆ ಇಂಥ ಸಭೆ ಇಲ್ಲವಲ್ಲ.

ಹಾಗಾದರೆ ಯಾರು, ಎಲ್ಲಿ ಉತ್ತರ ಕೊಡಬೇಕು? ದುಡ್ಡು ಮಂಜೂರಾಗುವ ಕಡೆಯೇ. ಆಸ್ಟ್ರೇಲಿಯಾದಲ್ಲಿ 1970ರಿಂದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಅಂದಾಜು ಸಮಿತಿಗಳು ಇಲಾಖೆಯ ದೊಡ್ಡ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಖರ್ಚು, ಸಿಬ್ಬಂದಿ ಸಂಖ್ಯೆ ಬಗ್ಗೆ ಗಂಟೆಗಟ್ಟಲೆ ಪ್ರಶ್ನೆ ಕೇಳುತ್ತವೆ. ಅದೆಲ್ಲ ಬಹಿರಂಗವಾಗಿಯೇ ನಡೆಯುತ್ತದೆ. ಪಕ್ಕದ ಕೇರಳ ವಿಧಾನಸಭೆಯಲ್ಲಿ 1980ರಿಂದ ವಿಷಯ ಸಮಿತಿಗಳಿವೆ, ಇಲಾಖೆಗಳ ಅನುದಾನದ ಬೇಡಿಕೆಯನ್ನು ಅವು ಕೂತು ಪರಿಶೀಲಿಸುತ್ತವೆ. ಕರ್ನಾಟಕದ ಕಾನೂನು ಇಲ್ಲಿಂದ ಶುರುವಾಗಲಿ. ಪ್ರತಿ ಅಧಿವೇಶನದ ಮೊದಲ ದಿನ ಶಿಕ್ಷಣ ಸಚಿವರು ತಾಲ್ಲೂಕುವಾರು ಪಟ್ಟಿ ಮಂಡಿಸಬೇಕು. ಅದರಲ್ಲಿ ಖಾಲಿ ಹುದ್ದೆ ಎಷ್ಟು, ಎಷ್ಟು ದಿನದಿಂದ ಖಾಲಿ, ಕಡತ ಈಗ ಯಾವ ಇಲಾಖೆಯ ಯಾವ ಮೇಜಿನ ಮೇಲಿದೆ, ಭರ್ತಿ ಆಗುವ ತಾರೀಖು ಯಾವುದು ಎಂಬುದಿರಬೇಕು. ಶಿಕ್ಷಕರನ್ನು ಪಾಠ ಬಿಡಿಸಿ ಬೇರೆ ಕೆಲಸಕ್ಕೆ ಕಳಿಸಿದ ದಿನಗಳ ಲೆಕ್ಕವೂ ಬೇಕು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟಕ್ಕೇ ಬಿಟ್ಟಿದೆ. ಅದರಾಚೆ ಕಳಿಸಿದ್ದರೆ ಆದೇಶಕ್ಕೆ ಸಹಿ ಹಾಕಿದವರ ಹುದ್ದೆಯ ಹೆಸರು ಪಟ್ಟಿಯಲ್ಲಿ ಬರಲಿ. ಹಣಕಾಸು ಇಲಾಖೆಯ ಕಾರ್ಯದರ್ಶಿ ಸಮಿತಿ ಎದುರು ಕೂತು, ಅತಿಥಿ ಶಿಕ್ಷಕರಿಂದ ಉಳಿಸಿದ ದುಡ್ಡೆಷ್ಟು ಅಂತ ಹೇಳಲಿ. ಇದೆಲ್ಲ ನೇರ ಪ್ರಸಾರ ಆಗಲಿ. ಊರಿನ ಶಿಕ್ಷಕಿ ಅವತ್ತು ತನ್ನ ಕ್ಲಾಸಿನಲ್ಲಿ ಪಾಠ ಮಾಡುತ್ತಿರಲಿ.